ಬೆಂಚು, ಹಾಸಿಗೆ, ಕ್ಯಾಮೆರಾ: ಕಿರು ನೃತ್ಯಚಿತ್ರ ದುಃಖ ಹೇಳಲು ಕಲಿತ ಬಗೆ

1930ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ನೃತ್ಯಗಾತಿ ಮಾರ್ಥಾ ಗ್ರಹಾಂ ಒಂದು ಹೊಸ ನೃತ್ಯವನ್ನು ರಂಗಕ್ಕೆ ತಂದರು. ಹೆಸರು ‘ಲ್ಯಾಮೆಂಟೇಶನ್’. ಅದರಲ್ಲಿ ಅವರು ಕುಣಿದದ್ದು ಬಹುಪಾಲು ಒಂದು ಗಿಡ್ಡ ಬೆಂಚಿನ ಮೇಲೆ ಕುಳಿತೇ. ಮೈಮೇಲೆ ಹಿಗ್ಗುವ ಬಟ್ಟೆಯ ಉದ್ದನೆಯ ಗವುಸು. ಮುಖ, ಕೈ, ಪಾದ ಬಿಟ್ಟರೆ ಎಲ್ಲವೂ ಅದರೊಳಗೆ. ಒಳಗಿನಿಂದ ಮೊಣಕೈ ಒತ್ತುತ್ತದೆ, ಮೊಣಕಾಲು ತಳ್ಳುತ್ತದೆ, ಬಟ್ಟೆ ಬಿಗಿಯುತ್ತದೆ. ಹರಿಯುವುದೂ ಇಲ್ಲ, ಬಿಡುವುದೂ ಇಲ್ಲ. ಯಾರು ಸತ್ತರು, ಈಕೆ ಯಾಕೆ ಗೋಳಾಡುತ್ತಿದ್ದಾಳೆ ಅನ್ನುವುದು ಕೊನೆಯವರೆಗೂ ಗೊತ್ತಾಗುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿದುಹೋಗುತ್ತದೆ.

ಇದನ್ನು ನೋಡಿದ ಒಬ್ಬ ಹೆಂಗಸಿನ ಕಥೆಯನ್ನು ಗ್ರಹಾಂ ಆಮೇಲೆ ಬರೆದುಕೊಂಡಿದ್ದಾರೆ. ಆಕೆಯ ಕಣ್ಣೆದುರೇ ಮಗ ಲಾರಿಗೆ ಸಿಕ್ಕಿ ಸತ್ತಿದ್ದ. ಅಂದಿನಿಂದ ಆಕೆಗೆ ಅಳು ಬಂದಿರಲಿಲ್ಲ. ಆ ಸಂಜೆ ಅತ್ತರು. ಆಟ ಮುಗಿದ ಮೇಲೆ ಆಕೆ ಗ್ರಹಾಂ ಅವರನ್ನು ಹುಡುಕಿಕೊಂಡು ಒಳಗೆ ಬಂದರು.

1943ರಲ್ಲಿ ಮೊಸೆಲ್ಸಿಯೊ ದಂಪತಿ ಈ ನೃತ್ಯವನ್ನು ಸಿನಿಮಾ ರೀಲಿನಲ್ಲಿ ಹಿಡಿದರು. ರಂಗದ ಮೇಲಿನದನ್ನು ಹಾಗೇ ದಾಖಲಿಸಿದ ಕೆಲಸ ಅದು, ಕ್ಯಾಮೆರಾಕ್ಕೆಂದೇ ಕಟ್ಟಿದ್ದಲ್ಲ. ಆದರೂ ಕಿರು ನೃತ್ಯಚಿತ್ರಗಳ ಕಥೆಯನ್ನು ನಾನು ಇಲ್ಲಿಂದಲೇ ಶುರುಮಾಡುವುದಕ್ಕೆ ಕಾರಣ ಇದೆ. ದುಃಖವನ್ನು ಮೈಯಿಂದ ಹೇಳಬೇಕಾದರೆ ಮೊದಲು ಮೈಯನ್ನು ಎಲ್ಲಾದರೂ ಕಟ್ಟಿಹಾಕಬೇಕು. ಗ್ರಹಾಂಗೆ ಬೆಂಚು ಮತ್ತು ಬಟ್ಟೆ ಆ ಕೆಲಸ ಮಾಡಿದವು. ಮುಂದೆ ಈ ಪ್ರಕಾರದಲ್ಲಿ ಒಳ್ಳೆಯ ಕೆಲಸ ಮಾಡಿದವರೆಲ್ಲ ಇಂಥದೇ ಒಂದು ಕಟ್ಟನ್ನು ತಮ್ಮ ತಮ್ಮ ರೀತಿಯಲ್ಲಿ ಹುಡುಕಿಕೊಂಡರು ಅಂತ ನನಗೆ ಅನ್ನಿಸುತ್ತದೆ.

ಹಾಗೆ ನೋಡಿದರೆ ಸಿನಿಮಾ ಹುಟ್ಟಿದಾಗಿನಿಂದ ನೃತ್ಯ ಅದರ ಜೊತೆಗೇ ಇದೆ. 1890ರ ದಶಕದಲ್ಲಿ ಎಡಿಸನ್ ಕಂಪನಿ ಮತ್ತು ಲೂಮಿಯೇರ್ ಸಹೋದರರು ಇಬ್ಬರೂ ಉದ್ದನೆಯ ರೇಷ್ಮೆ ಬಟ್ಟೆ ತಿರುಗಿಸುತ್ತಾ ಕುಣಿಯುವ ಹೆಂಗಸರನ್ನು ಚಿತ್ರಿಸಿದ್ದರು. ಕೆಲವು ಪ್ರತಿಗಳಿಗೆ ಒಂದೊಂದೇ ಚೌಕಟ್ಟಿಗೆ ಕೈಯಿಂದ ಬಣ್ಣ ಹಚ್ಚಿದ್ದೂ ಉಂಟು. ನೋಡಲು ಚೆಂದ, ಅಷ್ಟೇ. ಕ್ಯಾಮೆರಾ ಒಂದೇ ಕಡೆ ಕಣ್ಣು ಬಿಟ್ಟುಕೊಂಡು ನಿಂತಿರುತ್ತಿತ್ತು.

ಅದನ್ನು ಅಲ್ಲಿಂದ ಎಬ್ಬಿಸಿದವರು ಮಾಯಾ ಡೆರೆನ್. ಹುಟ್ಟಿದ್ದು 1917ರಲ್ಲಿ, ಕೀವ್‌ನಲ್ಲಿ. ಐದು ವರ್ಷದವರಿದ್ದಾಗ ಮನೆಯವರೊಂದಿಗೆ ಅಮೆರಿಕಕ್ಕೆ ಬಂದರು. ತಂದೆ ಮನೋವೈದ್ಯರು. ಕ್ಯಾಥರೀನ್ ಡನ್ಹಂ ಎಂಬ ದೊಡ್ಡ ನೃತ್ಯಗಾತಿಯ ಬಳಿ ಡೆರೆನ್ ಕಾರ್ಯದರ್ಶಿಯಾಗಿದ್ದರು. ನೃತ್ಯದ ಗೀಳು ಹತ್ತಿದ್ದು ಅಲ್ಲಿ. ತಂದೆ ತೀರಿಕೊಂಡಾಗ ಕೈಗೆ ಬಂದ ಹಣದಲ್ಲಿ ಬಳಸಿದ 16 ಎಂಎಂ ಬೋಲೆಕ್ಸ್ ಕ್ಯಾಮೆರಾ ಒಂದನ್ನು ಕೊಂಡರು.

1945ರಲ್ಲಿ ಅದೇ ಡನ್ಹಂ ತಂಡದ ನರ್ತಕ ಟ್ಯಾಲಿ ಬೀಟಿ ಜೊತೆ ಸೇರಿ ‘ಎ ಸ್ಟಡಿ ಇನ್ ಕೊರಿಯೋಗ್ರಫಿ ಫಾರ್ ಕ್ಯಾಮೆರಾ’ ಮಾಡಿದರು. ಕಪ್ಪು ಬಿಳುಪು, ಸದ್ದಿಲ್ಲ, ಮೂರು ನಿಮಿಷದ ಆಸುಪಾಸು. ಬೀಟಿ ಕಾಡಿನಲ್ಲಿ ನಿಂತು ಕಾಲೆತ್ತುತ್ತಾರೆ. ಆ ಕಾಲು ಇಳಿಯುವುದು ಒಂದು ಮನೆಯ ಕೋಣೆಯೊಳಗೆ. ಕೋಣೆಯಿಂದ ಸರಿದರೆ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ದೊಡ್ಡ ಹಜಾರ. ಅಲ್ಲಿ ತಿರುಗಲು ಶುರು ಮಾಡುತ್ತಾರೆ. ಕ್ಯಾಮೆರಾದ ವೇಗ ಬದಲಾದಂತೆ ಮೆಲ್ಲಗಿದ್ದ ತಿರುಗಾಟ ಬುಗುರಿಯಾಗುತ್ತದೆ. ಕೊನೆಗೊಂದು ಜಿಗಿತ. ಹಲವು ಶಾಟುಗಳನ್ನು ಜೋಡಿಸಿ ಮಾಡಿದ ಆ ಜಿಗಿತ ಯಾವ ಮನುಷ್ಯನೂ ಗಾಳಿಯಲ್ಲಿ ಇರಲಾರದಷ್ಟು ಹೊತ್ತು ಹಾಗೇ ಉಳಿಯುತ್ತದೆ. ಇಳಿಯುವುದು ನದಿಯ ಮೇಲಿನ ಬಂಡೆಗಳ ತುದಿಯಲ್ಲಿ.

ಇದರಲ್ಲಿ ಅಳು ಎಲ್ಲಿದೆ ಅಂತ ಕೇಳಬಹುದು. ಇಲ್ಲ. ಆದರೆ ಮುಂದಿನವರಿಗೆ ಬೇಕಾದ ವ್ಯಾಕರಣ ಪೂರ್ತಿ ಇಲ್ಲಿದೆ. ಹೆಜ್ಜೆ ಒಂದು ಕಡೆ ಶುರುವಾಗಿ ಇನ್ನೊಂದು ಕಡೆ ಮುಗಿಯಬಹುದು. ಮೈ ಇಲ್ಲಿದ್ದು ಮನಸ್ಸು ಬೇರೆಲ್ಲೋ ಇರುವ ಸ್ಥಿತಿಯನ್ನು ತೋರಿಸಲು ಇದಕ್ಕಿಂತ ನೇರ ದಾರಿ ಇದೆಯೇ? ಮರುವರ್ಷದ ‘ರಿಚುವಲ್ ಇನ್ ಟ್ರಾನ್ಸ್‌ಫಿಗರ್ಡ್ ಟೈಮ್’ ಚಿತ್ರದಲ್ಲಿ ಡೆರೆನ್ ಈ ವ್ಯಾಕರಣವನ್ನು ಭಯಕ್ಕೆ ಹಚ್ಚಿದರು. ಅದರಲ್ಲೊಂದು ಪಾರ್ಟಿ ನಡೆಯುತ್ತಿದೆ. ಜನ ಒಬ್ಬರನ್ನೊಬ್ಬರು ತಬ್ಬುತ್ತಾರೆ, ಕೈ ಚಾಚುತ್ತಾರೆ, ಸರಿಯುತ್ತಾರೆ. ಅವೇ ಚಲನೆಗಳು ಮತ್ತೆ ಮತ್ತೆ ಬರುತ್ತಾ ಪಾರ್ಟಿಯೇ ಒಂದು ನೃತ್ಯವಾಗುತ್ತದೆ. ಅದರ ನಡುವೆ ಕಪ್ಪು ಬಟ್ಟೆಯ ಒಬ್ಬ ಹೆಣ್ಣುಮಗಳು ಯಾರಿಗೂ ಸೇರದೆ ದಾರಿ ಮಾಡಿಕೊಂಡು ಹೋಗುತ್ತಾಳೆ. ಮದುವೆ ಮನೆಯಲ್ಲಿ ಒಬ್ಬಂಟಿಯಾಗಿ ನಿಂತವರಿಗೆ ಆ ದೃಶ್ಯ ತಕ್ಷಣ ಅರ್ಥವಾಗುತ್ತದೆ, ಅಲ್ವಾ?

ಡೆರೆನ್ 44ರ ವಯಸ್ಸಿಗೇ, 1961ರಲ್ಲಿ ತೀರಿಕೊಂಡರು. ಬೀಟಿ ಅಷ್ಟರಲ್ಲಿ ತಮ್ಮದೇ ದಾರಿ ಹಿಡಿದಿದ್ದರು. 1947ರಲ್ಲಿ ಅವರು ಕಟ್ಟಿದ ‘ಮೋರ್ನರ್ಸ್ ಬೆಂಚ್’ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪುಜನರ ಮೇಲೆ ನಡೆದ ಹಿಂಸೆಯ ಶೋಕ. ಅದೂ ಒಂದು ಬೆಂಚಿನ ಮೇಲೆಯೇ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು 1966ರ ‘ಹ್ಯಾಂಡ್ ಮೂವಿ’. ಇವೋನ್ ರೈನರ್ ದೊಡ್ಡದೊಂದು ಶಸ್ತ್ರಚಿಕಿತ್ಸೆ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದರು. ಕುಣಿಯುವುದೇ ಕೆಲಸವಾದವರಿಗೆ ಏಳಲೂ ಆಗದ ಸ್ಥಿತಿ. ಗೆಳೆಯ, ನರ್ತಕ ವಿಲಿಯಂ ಡೇವಿಸ್ 8 ಎಂಎಂ ಕ್ಯಾಮೆರಾ ಹಿಡಿದರು. ತೆರೆಯ ಮೇಲೆ ಕಾಣುವುದು ಒಂದು ಕೈ ಮಾತ್ರ. ಬೆರಳುಗಳು ಒಂದಕ್ಕೊಂದು ತಾಗುತ್ತವೆ, ಮಡಚುತ್ತವೆ, ಒಂದನ್ನೊಂದು ದಾಟುತ್ತವೆ. ಸಂಗೀತ ಇಲ್ಲ, ಮುಖ ಇಲ್ಲ. ಹಿಂದಿನ ವರ್ಷವಷ್ಟೇ ರೈನರ್ ಒಂದು ಪ್ರಣಾಳಿಕೆ ಬರೆದಿದ್ದರು. ಆಡಂಬರ ಬೇಡ, ಚಮತ್ಕಾರ ಬೇಡ, ನೋಡುಗರನ್ನು ಕರಗಿಸುವುದೂ ಬೇಡ ಅನ್ನುವ ಬೇಡಗಳ ದೊಡ್ಡ ಪಟ್ಟಿ ಅದು. ಅಂಥವರ ಚಿತ್ರವೇ ನಮ್ಮನ್ನು ಕರಗಿಸಿಬಿಡುತ್ತದೆ. ಹಾಸಿಗೆ ಹಿಡಿದವರನ್ನು ನೋಡಿಕೊಂಡವರಿಗೆ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಎರಡು ವರ್ಷದ ನಂತರ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡಿನಲ್ಲಿ ನಾರ್ಮನ್ ಮೆಕ್‌ಲಾರೆನ್ ಇನ್ನೊಂದು ತುದಿಯಿಂದ ಹೊರಟರು. ‘ಪಾ ದ ದೂ’ ಚಿತ್ರದಲ್ಲಿ ಕಪ್ಪು ಹಿನ್ನೆಲೆ, ಬಿಳಿ ಉಡುಗೆ, ಬದಿಯಿಂದ ಬೀಳುವ ಬೆಳಕು. ಹಾಗಾಗಿ ಇಬ್ಬರು ಬ್ಯಾಲೆ ನರ್ತಕರ ಮೈಯ ಅಂಚು ಮಾತ್ರ ಹೊಳೆಯುತ್ತದೆ. ಒಂದೇ ಚಲನೆಯನ್ನು ಆಪ್ಟಿಕಲ್ ಪ್ರಿಂಟರಿನಲ್ಲಿ, ಅಂದರೆ ತೆಗೆದ ರೀಲನ್ನೇ ಮತ್ತೆ ಚಿತ್ರಿಸುವ ಯಂತ್ರದಲ್ಲಿ, 11 ಸಲದವರೆಗೂ ಒಂದರ ಮೇಲೊಂದು ಅಚ್ಚು ಹಾಕಿದರು. ಕೈ ಎತ್ತಿದರೆ ಹಿಂದಿನ ಕ್ಷಣಗಳ ಕೈಗಳೆಲ್ಲ ಬೀಸಣಿಗೆಯಂತೆ ಉಳಿಯುತ್ತವೆ. ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಅದ್ಭುತ ಕೆಲಸ, ನಿಜ. ಆದರೆ ಆ ಚೆಲುವಿನ ಎದುರು ವಿರಹದ ನೋವು ಕೊಂಚ ಹಿಂದೆ ಸರಿಯುತ್ತದೆ.

ಇತ್ತ ನಮ್ಮ ಕಡೆ ಪರಿಸ್ಥಿತಿ ಬೇರೆ. ನಮ್ಮ ನೃತ್ಯಗಳಲ್ಲಿ ಕರುಣ ರಸಕ್ಕೆ ಮುಖವೇ ಮುಖ್ಯ ದಾರಿ. ಮುಖಾಭಿನಯ ಇರುವಾಗ ಕ್ಲೋಸ್-ಅಪ್ ಸಿಕ್ಕರೆ ಇನ್ನೇನು ಬೇಕು ಅನ್ನಿಸಬಹುದು. ಆದರೆ ಆಗುವುದು ಉಲ್ಟಾ. ಹತ್ತಾರು ಮಾರು ದೂರ ಕುಳಿತವರಿಗೆ ಮುಟ್ಟಲೆಂದು ಕಟ್ಟಿದ ಅಭಿನಯವನ್ನು ಒಂದು ಗೇಣು ದೂರದಿಂದ ತೋರಿಸಿದರೆ ಅದು ಅತಿಯಾಗುತ್ತದೆ. 1976ರಲ್ಲಿ ಸತ್ಯಜಿತ್ ರೇ ಅವರು ಭರತನಾಟ್ಯದ ಬಾಲಸರಸ್ವತಿ ಅವರ ಬಗ್ಗೆ ಮಾಡಿದ ‘ಬಾಲ’ ಸಾಕ್ಷ್ಯಚಿತ್ರ ಇದಕ್ಕೆ ಒಳ್ಳೆಯ ಪಾಠ. ಅದರಲ್ಲಿ ಐವತ್ತರ ಕೊನೆಯ ವರ್ಷಗಳಲ್ಲಿದ್ದ ಬಾಲಸರಸ್ವತಿ ಕಡಲ ತೀರದಲ್ಲಿ ನಿಂತು ನಮ್ಮ ವ್ಯಾಸರಾಯರ ‘ಕೃಷ್ಣಾ ನೀ ಬೇಗನೇ ಬಾರೋ’ ಪದಕ್ಕೆ ಅಭಿನಯಿಸುತ್ತಾರೆ. ಗಾಳಿಗೆ ಸೀರೆ ಹಾರುತ್ತದೆ, ಹಿಂದೆ ಅಲೆ. ಒಳಾಂಗಣದಲ್ಲೇ ತೆಗೆಯಬೇಕಿತ್ತು, ಗಾಳಿ ಗಮನ ಕೆಡಿಸುತ್ತದೆ ಅನ್ನುವವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕರೆದರೂ ಬಾರದ ಮಗುವನ್ನು ಕರೆಯುವ ತಾಯಿಗೆ ಆ ಗಾಳಿಯ ಎದುರು ನಿಲ್ಲುವುದೇ ಒಂದು ಕಟ್ಟು.

ಯುರೋಪಿನಲ್ಲಿ ಎಪ್ಪತ್ತರ ದಶಕದ ಕೊನೆಗೆ ಜರ್ಮನಿಯ ನೃತ್ಯ ಸಂಯೋಜಕಿ ಪಿನಾ ಬಾಷ್ ಕೆಲಸದ ಕ್ರಮವನ್ನೇ ಬದಲಿಸಿದರು. ಹೆಜ್ಜೆ ಹೇಳಿಕೊಡುವ ಬದಲು ನರ್ತಕರಿಗೆ ಪ್ರಶ್ನೆ ಹಾಕುತ್ತಿದ್ದರು. ಬಾಲ್ಯದ ಬಗ್ಗೆ, ಹೆದರಿಕೆಯ ಬಗ್ಗೆ, ಪ್ರೀತಿಯ ಬಗ್ಗೆ. ಉತ್ತರ ಮಾತಿನಲ್ಲಾದರೂ ಬರಲಿ, ಮೈಯಲ್ಲಾದರೂ ಬರಲಿ. ಅದರಲ್ಲಿ ಬಹುಪಾಲು ಬಿಸಾಡಿ, ಉಳಿದದ್ದನ್ನು ಜೋಡಿಸುವುದು. ಇವತ್ತು ಕಿರು ನೃತ್ಯಚಿತ್ರ ಕಟ್ಟುವವರಲ್ಲಿ ಎಷ್ಟೋ ಮಂದಿ ಗೊತ್ತಿದ್ದೋ ಗೊತ್ತಿಲ್ಲದೆಯೋ ಈ ಕ್ರಮವನ್ನೇ ಹಿಡಿದಿದ್ದಾರೆ.

ಹಾಗೆ ಪ್ರಶ್ನೆ ಕೇಳುತ್ತಾ ಹೋದರೆ ಒಂದು ದಿನ ಕಷ್ಟದ ಜಾಗಕ್ಕೆ ಬಂದು ನಿಲ್ಲಲೇಬೇಕು. ಅಮೆರಿಕದ ನರ್ತಕ, ನೃತ್ಯ ಸಂಯೋಜಕ ಬಿಲ್ ಟಿ. ಜೋನ್ಸ್ ಅವರ ಸಂಗಾತಿ ಆರ್ನಿ ಝೇನ್ 1988ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಜೋನ್ಸ್ ಅವರಿಗೂ ಎಚ್‌ಐವಿ ಸೋಂಕಿತ್ತು. ಮರುವರ್ಷ ಝೇನ್ ನೆನಪಿಗೆ ಅಮೆರಿಕದ ಟಿವಿಗಾಗಿ ಅವರೊಂದು ಕಿರು ನೃತ್ಯಚಿತ್ರದಲ್ಲಿ ಕುಣಿದರು. ಆಮೇಲೆ ಊರೂರಿಗೆ ಹೋಗಿ, ಮಾರಣಾಂತಿಕ ಕಾಯಿಲೆ ಇರುವವರ ಜೊತೆ ಶಿಬಿರ ನಡೆಸಿದರು. ಅವರಲ್ಲಿ ಯಾರೂ ವೃತ್ತಿ ನರ್ತಕರಲ್ಲ. ತಮ್ಮ ಪಾಡನ್ನು ಒಂದು ಸನ್ನೆಯಲ್ಲಿ ತೋರಿಸಿ ಅಂತ ಕೇಳಿದರು. ಆ ಸನ್ನೆಗಳು, ಮಾತುಗಳು, ವಿಡಿಯೋದಲ್ಲಿ ಅವರ ಮುಖಗಳು ಎಲ್ಲವೂ ಸೇರಿ 1994ರಲ್ಲಿ ‘ಸ್ಟಿಲ್/ಹಿಯರ್’ ರಂಗಕ್ಕೆ ಬಂತು.

ಆಗ ‘ದಿ ನ್ಯೂಯಾರ್ಕರ್’ ಪತ್ರಿಕೆಯ ನೃತ್ಯ ವಿಮರ್ಶಕಿ ಆರ್ಲೀನ್ ಕ್ರೋಚೆ ಒಂದು ಲೇಖನ ಬರೆದರು. ನಾನು ಇದನ್ನು ನೋಡಿಲ್ಲ, ನೋಡುವುದೂ ಇಲ್ಲ, ಆದರೂ ಬರೆಯುತ್ತೇನೆ ಅನ್ನುವುದು ಅದರ ವರಸೆ. ನಿಜವಾಗಿ ಸಾಯುತ್ತಿರುವವರನ್ನು ಎದುರಿಗಿಟ್ಟರೆ ವಿಮರ್ಶೆಗೆ ಜಾಗವೆಲ್ಲಿ, ಅಯ್ಯೋ ಪಾಪ ಅನ್ನುವುದೊಂದೇ ಉಳಿಯುತ್ತದೆ ಎಂಬುದು ಅವರ ವಾದ. ತಿಂಗಳುಗಟ್ಟಲೆ ಜಗಳ ನಡೆಯಿತು. ನೋಡದೆ ಬರೆದದ್ದು ತಪ್ಪು, ಅದರಲ್ಲಿ ನನಗೆ ಅನುಮಾನ ಇಲ್ಲ. ಜೋನ್ಸ್ ಮಾಡಿದ್ದು ರೋಗಿಗಳನ್ನು ತಂದು ನಿಲ್ಲಿಸುವ ಕೆಲಸವೂ ಆಗಿರಲಿಲ್ಲ. ರಂಗದ ಮೇಲೆ ಕುಣಿದವರು ಅವರ ತಂಡದ ನರ್ತಕರು. ಆದರೂ ಕ್ರೋಚೆ ಎತ್ತಿದ ಪ್ರಶ್ನೆ ಸತ್ತಿಲ್ಲ. ಸಿನಿಮಾಗೆ ಬಂದರೆ ಅದು ಇನ್ನೂ ಗಟ್ಟಿಯಾಗುತ್ತದೆ. ರಂಗದ ಮೇಲಿನ ದುಃಖ ಆ ಸಂಜೆಗೆ ಮುಗಿಯುತ್ತದೆ. ಚಿತ್ರದಲ್ಲಿರುವುದು ಆ ಮನುಷ್ಯ ಹೋದ ಮೇಲೂ ಓಡುತ್ತಲೇ ಇರುತ್ತದೆ.

ತೊಂಬತ್ತರ ದಶಕದಲ್ಲಿ ಬ್ರಿಟನ್ನಿನಲ್ಲಿ ಒಂದು ಒಳ್ಳೆಯದಾಯಿತು. ಅಲ್ಲಿನ ಆರ್ಟ್ಸ್ ಕೌನ್ಸಿಲ್ ಮತ್ತು ಬಿಬಿಸಿ ಸೇರಿ ಕ್ಯಾಮೆರಾಕ್ಕೆಂದೇ ಕಟ್ಟುವ ಕಿರು ನೃತ್ಯಚಿತ್ರಗಳಿಗೆ ಹಣ ಹಾಕಿದವು. ಟಿವಿಯಲ್ಲಿ ಹೊಂದಿಸಬೇಕಿದ್ದರಿಂದ ಚಿತ್ರಗಳು ಚಿಕ್ಕವಾಗಿಯೇ ಇರಬೇಕಿತ್ತು. ಆ ಚಿಕ್ಕತನವೇ ಎಷ್ಟೋ ಚಿತ್ರಗಳನ್ನು ಉಳಿಸಿತು. ವಿಕ್ಟೋರಿಯಾ ಮಾರ್ಕ್ಸ್ ಮತ್ತು ಮಾರ್ಗರೆಟ್ ವಿಲಿಯಮ್ಸ್ 1994ರಲ್ಲಿ ನಿಜವಾದ ತಾಯಿ-ಮಗಳ ಜೋಡಿಗಳನ್ನು ಕರೆತಂದು ಒಂದು ಚಿತ್ರ ಮಾಡಿದರು. ಒರಗುವುದು, ಎತ್ತಿಕೊಳ್ಳುವುದು, ಬಿಡಿಸಿಕೊಳ್ಳುವುದು. ಅದರಲ್ಲಿ ಬೇರೆ ಕಥೆ ಬೇಕಾಗಲೇ ಇಲ್ಲ.

ಕ್ರೋಚೆ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ದು ನನ್ನ ಪ್ರಕಾರ 2004ರಲ್ಲಿ. ಬ್ರಿಟನ್ನಿನ ಡಿವಿ8 ನೃತ್ಯ ತಂಡದ ಲಾಯ್ಡ್ ನ್ಯೂಸನ್ ಅಲ್ಲಿನ ಟಿವಿ ವಾಹಿನಿ ಚಾನೆಲ್ 4ಕ್ಕೆ ‘ದಿ ಕಾಸ್ಟ್ ಆಫ್ ಲಿವಿಂಗ್’ ಮಾಡಿದರು. ಅದರ ನರ್ತಕ ಡೇವಿಡ್ ಟೂಲ್ ಅವರಿಗೆ ಕಾಲುಗಳಿರಲಿಲ್ಲ, ಕೈಮೇಲೆ ನಡೆಯುತ್ತಿದ್ದರು. ಒಂದು ದೃಶ್ಯದಲ್ಲಿ ಒಬ್ಬ ವಿಡಿಯೋ ಕ್ಯಾಮೆರಾ ಹಿಡಿದು ಅವರ ಬೆನ್ನು ಹತ್ತುತ್ತಾನೆ. ಹುಟ್ಟಿದ್ದೇ ಹೀಗಾ, ಅದು ಹೇಗೆ, ಇದು ಹೇಗೆ ಅಂತ ನಾಚಿಕೆಗೆಟ್ಟ ಪ್ರಶ್ನೆ ಕೇಳುತ್ತಾನೆ. ನೋಡುತ್ತಾ ಕುಳಿತ ನಮಗೆ ಮೈ ಹಿಡಿಯಾಗುತ್ತದೆ. ಯಾಕೆಂದರೆ ಆ ಪ್ರಶ್ನೆಗಳಲ್ಲಿ ಒಂದೆರಡು ನಮ್ಮ ಮನಸ್ಸಿನಲ್ಲೂ ಅದಾಗಲೇ ಬಂದಿರುತ್ತವೆ.

ಇಂಟರ್‌ನೆಟ್ ಬಂದ ಮೇಲೆ ಹಣ ಕೊಡುವವರೂ ಬದಲಾದರು. ಸಂಗೀತ ಕಂಪನಿಗಳು ನೃತ್ಯಚಿತ್ರಗಳಿಗೆ ದಾರಿಯಾದವು. 2014ರ ‘ಶಾಂಡೆಲಿಯರ್’ ಹಾಡಿಗೆ ಮ್ಯಾಡಿ ಝೀಗ್ಲರ್ ಎಂಬ ಪುಟ್ಟ ಹುಡುಗಿ ಒಂದು ಖಾಲಿ ಮನೆಯೊಳಗೆ ಕುಣಿದಳು. ಹಾಡು ಕುಡಿತದ ಬಗ್ಗೆ, ಕುಣಿದದ್ದು ಮಗು. ಆ ಎಡವಟ್ಟೇ ಅದರ ಬಲ. 2015ರಲ್ಲಿ ಹೋಜಿಯರ್ ಹಾಡೊಂದಕ್ಕೆ ಸರ್ಗೆ ಪೊಲುನಿನ್ ಕುಣಿದ ವಿಡಿಯೋ ಬಂತು. ಬ್ಯಾಲೆ ಸಾಕಾಗಿದೆ, ಇದೇ ಕೊನೆ ಅಂದುಕೊಂಡು ಕುಣಿದದ್ದು. ಚಿತ್ರೀಕರಣದುದ್ದಕ್ಕೂ ಅತ್ತೆ ಅಂತ ಅವರೇ ಹೇಳಿಕೊಂಡಿದ್ದಾರೆ. ಕೋಟ್ಯಂತರ ಜನ ನೋಡಿದರು. ಅವರು ನೃತ್ಯ ಬಿಡಲಿಲ್ಲ.

ಇವುಗಳ ನೆರಳು ಈಗ ಎಲ್ಲೆಲ್ಲೂ ಇದೆ. ಮಂಜು ಕವಿದ ಬಯಲು, ಪಿಯಾನೊ, ಸ್ಲೋ ಮೋಷನ್, ಮೇಲಿನಿಂದ ಡ್ರೋನ್, ನೆಲಕ್ಕೆ ಬೀಳುವ ಹುಡುಗಿ. ಇಂಥವನ್ನು ಸುಮ್ನೆ ಸ್ಕ್ರೋಲ್ ಮಾಡಿಬಿಡುತ್ತೇನೆ. ಅಲ್ಲಿ ಮೈಯನ್ನು ಹಿಡಿದಿಟ್ಟದ್ದು ಏನೂ ಇಲ್ಲ. 2020ರ ಲಾಕ್‌ಡೌನ್‌ನಲ್ಲಿ ಬಂದ ಚಿತ್ರಗಳು ಎಷ್ಟೋ ವಾಸಿ. ರಂಗಮಂದಿರಗಳು ಮುಚ್ಚಿದ್ದವು, ನರ್ತಕರು ಬಾತ್‌ರೂಮಿನಲ್ಲಿ, ಟೆರೇಸಿನಲ್ಲಿ, ಮಂಚದ ಪಕ್ಕದ ಮೂರಡಿ ಜಾಗದಲ್ಲಿ ಮೊಬೈಲ್ ಇಟ್ಟು ಕುಣಿದರು. ಬೆಳಕು ಸರಿಯಿರಲಿಲ್ಲ. ಕಟ್ಟು ಮಾತ್ರ ತಾನಾಗಿ ಸಿಕ್ಕಿತ್ತು.

ಬೆಂಗಳೂರಿನಲ್ಲಿ ಸಮಕಾಲೀನ ನೃತ್ಯಕ್ಕೆ ನೆಲೆ ಇಲ್ಲ ಅನ್ನುವಂತಿಲ್ಲ. ಅಟ್ಟಕ್ಕಳರಿ ಎಂಬ ನೃತ್ಯ ಸಂಸ್ಥೆ 1992ರಿಂದ ಇದೆ. ಅಲ್ಲಿ ಡಿಜಿಟಲ್ ಮಾಧ್ಯಮವನ್ನೂ ಮೊದಲಿಂದ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಇಂಥ ಚಿತ್ರಕ್ಕೆ ಕೈಹಾಕುವ ಹೊಸಬರು ಮೊದಲು ಎದುರಿಸುವ ತೊಡಕು ರೀಟೇಕ್. ರಂಗದ ಮೇಲೆ ಒಂದು ಸಲ ಒಡೆದು ಬಿದ್ದರೆ ಸಾಕು. ಸೆಟ್ಟಿನಲ್ಲಿ ಫೋಕಸ್ ತಪ್ಪಿತು, ಹೊರಗೆ ಆಟೋ ಹಾರ್ನ್ ಹೊಡೆಯಿತು ಅಂತ ಹತ್ತು ಸಲ ಒಡೆಯಬೇಕು. ನಿಜದ ನೆನಪನ್ನು ಪ್ರತಿ ಸಲ ಕೆದಕಿದರೆ ಸಂಜೆಯ ಹೊತ್ತಿಗೆ ನರ್ತಕರ ಗತಿ ಏನು? ಪಳಗಿದವರು ಮೊದಲೇ ಎಲ್ಲವನ್ನೂ ಚಲನೆಗೆ ಇಳಿಸಿರುತ್ತಾರೆ. ಎಣಿಕೆ ಎಷ್ಟು, ಭಾರ ಯಾವ ಕಾಲಿನ ಮೇಲೆ, ಉಸಿರು ಬಿಡುವುದು ಯಾವಾಗ. ಕ್ಯಾಮೆರಾ ಓಡುವಾಗ ನೆನಪನ್ನು ಮುಟ್ಟುವುದಿಲ್ಲ, ಉಸಿರನ್ನು ಮಾತ್ರ ಪಾಲಿಸುತ್ತಾರೆ. ಇನ್ನು ಕಥೆ ಬೇರೆಯವರದಾಗಿದ್ದರೆ, ಚಿತ್ರ ಎಲ್ಲೆಲ್ಲಿ ತೋರಿಸಬಹುದು, ಬೇಡ ಅನ್ನಿಸಿದ ದಿನ ತೆಗೆಸುವುದು ಹೇಗೆ ಅನ್ನುವುದನ್ನು ಚಿತ್ರೀಕರಣಕ್ಕೆ ಮುಂಚೆಯೇ ಅವರ ಜೊತೆ ಕೂತು ಬರೆದಿಟ್ಟುಕೊಳ್ಳಬೇಕು.