ಮೂರನೇ ಬಾಗಿಲು ಬೇಕಾ, ಬೇಡವಾ? ಟಾಯ್ಲೆಟ್ ನಿಯಮಗಳು ಇಲ್ಲಿಗೆ ಬಂದ ದಾರಿ

"ಕರ್ನಾಟಕದಲ್ಲಿ ಒಂದು ಪರ್ಸೆಂಟ್ ಮೀಸಲಾತಿ ಕೊಟ್ಟಿದ್ದಾರಂತೆ, ಅದು ನಮಗೂ ಉಂಟಾ?"

ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಪರಿಚಯದವರೊಬ್ಬರು ಹೀಗೆ ಕೇಳಿದರು. ಅವರು ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡೆಂದು ಬರೆಸಿದ್ದರೂ ಹೆಣ್ಣಾಗಿ ಬದುಕುವವರು. ಮನೆಮಾತು ತುಳು, ಓದಿದ್ದು ಕನ್ನಡ, ಮೊಬೈಲಿನಲ್ಲಿ ನೋಡುವುದು ಮಂಗಳೂರಿನ ಸುದ್ದಿ, ರೇಷನ್ ಕಾರ್ಡು ಮಾತ್ರ ಕೇರಳದ್ದು. ಇಲ್ಲ ಅಂದೆ. ಅದು 2021ರಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆಂದು ಕರ್ನಾಟಕ ತನ್ನ ಸರ್ಕಾರಿ ಕೆಲಸಗಳಲ್ಲಿ ಮಾಡಿಕೊಂಡ ನಿಯಮ, ತಲಪಾಡಿಯ ಗಡಿ ದಾಟಿ ಈಚೆ ಬರುವುದಿಲ್ಲ. "ಹಾಗಾದ್ರೆ ನಮಗೆ ಏನುಂಟು?" ಎಂದು ಅವರು ಮತ್ತೆ ಕೇಳಿದಾಗ ಥಟ್ಟನೆ ಹೇಳಲಾಗಲಿಲ್ಲ. ಗಡಿಯಲ್ಲಿರುವ ನಮಗೆ ಸುದ್ದಿ ಒಂದು ರಾಜ್ಯದ್ದು ಬರುತ್ತದೆ, ಅನ್ವಯ ಆಗುವುದು ಇನ್ನೊಂದು ರಾಜ್ಯದ್ದು. ಮೇಲಿಂದ ಕೋರ್ಟು ಮತ್ತು ಕೇಂದ್ರದ್ದು ಬೇರೆ. ಹಾಗಾಗಿ ಎಲ್ಲವನ್ನೂ, ಮುಖ್ಯವಾಗಿ ದಿನಾ ಬೇಕಾಗುವ ಟಾಯ್ಲೆಟ್ಟಿನ ನಿಯಮಗಳನ್ನು, ಒಂದೇ ಕಡೆ ಬರೆಯೋಣ ಅನಿಸಿತು.

ಹಳೆಯದನ್ನು ಚುರುಕಾಗಿ ಹೇಳಿಬಿಡುತ್ತೇನೆ. 1860ರಲ್ಲಿ ಬ್ರಿಟಿಷರು ತಂದ ದಂಡಸಂಹಿತೆಯ 377ನೇ ಕಲಂ ಸಲಿಂಗ ಸಂಬಂಧವನ್ನು ಅಪರಾಧ ಮಾಡಿತು, 2009ರಲ್ಲಿ ದೆಹಲಿ ಹೈಕೋರ್ಟು ಅದನ್ನು ಸಡಿಲಿಸಿತು, 2013ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು, ಕೊನೆಗೆ 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟು, ಒಪ್ಪಿಗೆಯಿಂದ ಕೂಡಿ ಬಾಳುವ ವಯಸ್ಕರು ಅಪರಾಧಿಗಳಲ್ಲ ಎಂದಿತು. 2022ರಲ್ಲಿ ಅದಿಲಾ ಮತ್ತು ನೂರಾ ಎಂಬ ಇಬ್ಬರು ಹುಡುಗಿಯರು ಒಟ್ಟಿಗೆ ಬದುಕಬಹುದು ಎಂದು ಕೇರಳ ಹೈಕೋರ್ಟು ಹೇಳಿತು. ಸಲಿಂಗಿಗಳ ಮದುವೆಗೆ 2023ರಲ್ಲಿ ಸುಪ್ರೀಂ ಕೋರ್ಟಿನಿಂದ ಮಾನ್ಯತೆ ಸಿಗಲಿಲ್ಲ.

ಟಾಯ್ಲೆಟ್ಟಿನ ಕತೆ ಶುರುವಾಗುವುದು ಬೇರೆ ತೀರ್ಪಿನಿಂದ. 2014ರ ಏಪ್ರಿಲ್ 15. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಸುಪ್ರೀಂ ಕೋರ್ಟಿಗೆ ಒಯ್ದ ಪ್ರಕರಣ, ಅದರ ಇಂಗ್ಲಿಷ್ ಹೆಸರಿನ ಚುಟುಕಿನಿಂದ ನಾಲ್ಸಾ ಪ್ರಕರಣ ಎಂದೇ ಎಲ್ಲರೂ ಕರೆಯುತ್ತಾರೆ. ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಪೀಠ. ತಾನು ಗಂಡೋ, ಹೆಣ್ಣೋ, ಟ್ರಾನ್ಸ್‌ಜೆಂಡರೋ ಎಂದು ಹೇಳುವ ಹಕ್ಕು ಆ ವ್ಯಕ್ತಿಯದ್ದೇ ಎಂದು ಅದರಲ್ಲಿ ಸ್ಪಷ್ಟವಾಯಿತು. ಜೊತೆಗೆ ಸರ್ಕಾರಗಳಿಗೆ ಕೊಟ್ಟ ಸೂಚನೆಗಳಲ್ಲಿ ಒಂದು ಸಣ್ಣ ಮಾತು ಇತ್ತು: ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗಬೇಕು, ಪ್ರತ್ಯೇಕ ಸಾರ್ವಜನಿಕ ಶೌಚಾಲಯ ಬೇಕು. ಆಗ ಪತ್ರಿಕೆಗಳು ಬರೆದದ್ದೆಲ್ಲ "ಮೂರನೇ ಲಿಂಗ"ದ ಬಗ್ಗೆ. ಶೌಚಾಲಯದ ಸಾಲನ್ನು ಗಮನಿಸಿದವರು ಕಡಿಮೆ.

ಮುಂದಿನ ವರ್ಷ, 2015ರ ನವೆಂಬರಿನಲ್ಲಿ, ಕೇರಳ ಟ್ರಾನ್ಸ್‌ಜೆಂಡರ್ ನೀತಿ ತಂದಿತು. ದೇಶದಲ್ಲಿ ಇಂಥ ನೀತಿ ತಂದ ಮೊದಲ ರಾಜ್ಯ ನಮ್ಮದೇ. ಅದಕ್ಕೆ ಮುಂಚೆ ಒಂದು ಸಮೀಕ್ಷೆಯೂ ನಡೆದಿತ್ತು. ಆ ದಿನಗಳ ಹುರುಪು ನನಗೆ ಚೆನ್ನಾಗಿ ನೆನಪಿದೆ. ಎರಡು ವರ್ಷ ಕಳೆಯುವಷ್ಟರಲ್ಲಿ, 2017ರ ಜೂನಿನಲ್ಲಿ, ಕೊಚ್ಚಿ ಮೆಟ್ರೋ 23 ಮಂದಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಕೆಲಸ ಕೊಟ್ಟಿತು, ಫೋಟೊ ಎಲ್ಲ ಪತ್ರಿಕೆಗಳಲ್ಲಿ ಬಂತು, ಕೆಲವೇ ವಾರಗಳಲ್ಲಿ ಅವರಲ್ಲಿ ಹಲವರು ಕೆಲಸ ಬಿಟ್ಟರು ಎಂಬ ಸುದ್ದಿಯೂ ಬಂತು, ಕಾರಣ ಏನೆಂದರೆ ಅವರಿಗೆ ಆ ಊರಿನಲ್ಲಿ ಬಾಡಿಗೆಗೆ ಮನೆ ಸಿಗಲಿಲ್ಲ. ಕೆಲಸ ಸಿಕ್ಕಿತು, ಮಲಗಲು ಜಾಗ ಸಿಗಲಿಲ್ಲ. ದೊಡ್ಡ ನೀತಿಯೊಂದು ಬಾಡಿಗೆ ಕೋಣೆಯ ಬಾಗಿಲಲ್ಲಿ ನಿಂತುಬಿಡುವುದನ್ನು ನಾನು ಮೊದಲು ಕಂಡದ್ದು ಅಲ್ಲಿ. 2018ರಲ್ಲಿ ಕಾಲೇಜುಗಳ ಪ್ರತಿ ಕೋರ್ಸಿಗೆ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳಿಗೆಂದು ಎರಡು ಹೆಚ್ಚುವರಿ ಸೀಟು ಬಂದಾಗಲೂ ನನಗೆ ಮೊದಲು ಬಂದ ಪ್ರಶ್ನೆ ಅದೇ. ಸೀಟು ಉಂಟು, ಹಾಸ್ಟೆಲಿನಲ್ಲಿ ಎಲ್ಲಿ ಮಲಗುತ್ತಾರೆ? ಯಾವ ಬಾತ್‌ರೂಮಿಗೆ ಹೋಗುತ್ತಾರೆ?

ಈ ಪ್ರಶ್ನೆಗೆ ಸರ್ಕಾರಿ ಕಾಗದಗಳಲ್ಲಿ ಒಂದೇ ಉತ್ತರ ಇಲ್ಲ. 2014ರ ತೀರ್ಪು "ಪ್ರತ್ಯೇಕ" ಎಂದಿತ್ತು. 2017ರ ಏಪ್ರಿಲಿನಲ್ಲಿ ಸ್ವಚ್ಛ ಭಾರತ ಯೋಜನೆಗೆ ಕೇಂದ್ರ ಕೊಟ್ಟ ಮಾರ್ಗಸೂಚಿ ಬೇರೆ ದಾರಿ ಹಿಡಿಯಿತು: ಸಾರ್ವಜನಿಕ ಶೌಚಾಲಯದಲ್ಲಿ ಗಂಡಸರದ್ದಾಗಲಿ, ಹೆಂಗಸರದ್ದಾಗಲಿ, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಆರಿಸಿಕೊಂಡದ್ದನ್ನು ಬಳಸಲು ಬಿಡಬೇಕು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಗೆ 2020ರಲ್ಲಿ ನಿಯಮಗಳು ಬಂದವು. ಅದರಲ್ಲಿ ಎರಡು ಮಾತು ಒಟ್ಟಿಗೆ ಇವೆ. ಒಂದು, ಎರಡು ವರ್ಷದೊಳಗೆ ಆಸ್ಪತ್ರೆಯಲ್ಲಿ ಪ್ರತ್ಯೇಕ ವಾರ್ಡು, ಸಂಸ್ಥೆಗಳಲ್ಲಿ ಶೌಚಾಲಯದ ವ್ಯವಸ್ಥೆ. ಇನ್ನೊಂದು, ಸಂಸ್ಥೆಗಳು ಬರೆಯಬೇಕಾದ ಸಮಾನ ಅವಕಾಶದ ನೀತಿಯಲ್ಲಿ "ಯುನಿಸೆಕ್ಸ್ ಟಾಯ್ಲೆಟ್"ನಂಥ ಸೌಕರ್ಯ, ಅಂದರೆ ಯಾರು ಬೇಕಾದರೂ ಹೋಗುವಂಥದ್ದು. ಮತ್ತೆ 2025ರ ಜನವರಿ 15ರಂದು ಸುಪ್ರೀಂ ಕೋರ್ಟು ದೇಶದ ಎಲ್ಲ ಕೋರ್ಟು ಕಟ್ಟಡಗಳಲ್ಲಿ ಗಂಡಸರು, ಹೆಂಗಸರು, ಅಂಗವಿಕಲರು, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಎಲ್ಲರಿಗೂ ಬೇರೆ ಬೇರೆ ಶೌಚಾಲಯ ಇರಬೇಕು ಎಂದಿತು. ಹನ್ನೊಂದು ವರ್ಷದಲ್ಲಿ ಪ್ರತ್ಯೇಕ, ಇಷ್ಟದ್ದು, ಎಲ್ಲರದ್ದು, ಪುನಃ ಪ್ರತ್ಯೇಕ. ಹೊಸ ಕಟ್ಟಡದ ನಕ್ಷೆ ಮಾಡುವ ಎಂಜಿನಿಯರ್ ಯಾವುದನ್ನು ನೋಡಬೇಕು ಹೇಳಿ.

ಪ್ರತ್ಯೇಕ ಬಾಗಿಲು ಕೇಳಲು ಒಳ್ಳೆಯದೇ. ಕೋರ್ಟಿನಂಥ ದೊಡ್ಡ ಜಾಗದಲ್ಲಿ ಅದು ನಡೆಯಲೂಬಹುದು. ನಮ್ಮಂಥ ಸಣ್ಣ ಊರಿನಲ್ಲಿ ಕಷ್ಟ. ಇಲ್ಲಿ ಎಲ್ಲರಿಗೂ ಎಲ್ಲರ ಗುರುತು ಉಂಟು. ಮೂರನೇ ಬಾಗಿಲು ತೆಗೆದು ಒಳಗೆ ಹೋದವರು ಯಾರು, ಯಾರ ಮನೆಯವರು ಎಂದು ಸಂಜೆಯೊಳಗೆ ಊರಿಗೇ ಗೊತ್ತಾಗುತ್ತದೆ. ತಾನು ಟ್ರಾನ್ಸ್ ಎಂದು ಮನೆಯಲ್ಲಿ ಇನ್ನೂ ಹೇಳದ ಒಬ್ಬ ಹುಡುಗನಿಗೆ ಆ ಬಾಗಿಲು ಇದ್ದೂ ಇಲ್ಲದ ಹಾಗೆ. ನಮ್ಮ ಕಡೆಯ ಒಂದು ಬಸ್‌ಸ್ಟ್ಯಾಂಡಿನಲ್ಲಿ ಇದಕ್ಕೆಂದೇ ಇಟ್ಟ ಕೋಣೆಗೆ ಬೀಗ ಹಾಕಿದ್ದನ್ನು ನೋಡಿದ್ದೇನೆ. ಬೀಗದ ಕೈ ಬೇಕಾದರೆ ಕೇಳಿ ಪಡೆಯಬೇಕು, ಅದೂ ಬಸ್ಸಿಗೆ ಕಾಯುವ ಅಷ್ಟೂ ಜನರ ಎದುರು. ಕುಂಬಳೆಯ ಆ ಪರಿಚಯದವರು ಒಂದು ಸಲ ಹೋದವರು ಮತ್ತೆ ಹೋಗಲಿಲ್ಲ. ಮಂಗಳೂರಿಗೆ ಹೊರಡುವ ದಿನ ಬೆಳಗ್ಗೆ ನೀರೇ ಕುಡಿಯುವುದಿಲ್ಲವಂತೆ. ಆಗಾಗ ಉರಿಮೂತ್ರ ಆಗುತ್ತದೆ ಎಂದೂ ಹೇಳಿದರು.

ಟ್ರಾನ್ಸ್ ಮಹಿಳೆಯರು ನಮ್ಮ ಟಾಯ್ಲೆಟ್ಟಿಗೆ ಬಂದರೆ ಹೇಗೆ ಎಂದು ಹೆಂಗಸರ ಕಡೆಯಿಂದ ಬರುವ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಅವರಿಗೂ ಟಾಯ್ಲೆಟ್ ಸುಮ್ನೆ ಸಿಕ್ಕಿದ್ದಲ್ಲ. ಕಲ್ಲಿಕೋಟೆಯ ಮಿಠಾಯಿ ತೆರುವು ಎಂಬ ಪೇಟೆ ಬೀದಿಯ ಅಂಗಡಿಗಳಲ್ಲಿ ದುಡಿಯುವ ಹೆಂಗಸರು ದಿನವಿಡೀ ನಿಂತು, ಮೂತ್ರಕ್ಕೆ ಹೋಗಲು ಜಾಗವಿಲ್ಲದೆ, ನೀರು ಕುಡಿಯುವುದನ್ನೇ ಬಿಟ್ಟಿದ್ದರು. 2010ರ ಸುಮಾರಿಗೆ ಪಿ. ವಿಜಿ ಅವರ ಪೆಣ್‌ಕೂಟ್ಟು ಸಂಘಟನೆ ಅದಕ್ಕಾಗಿ ಹೋರಾಟ ಕಟ್ಟಿತು. ಅದೇ ಮುಂದೆ ಕುಳಿತುಕೊಳ್ಳುವ ಹಕ್ಕಿನ ಹೋರಾಟವಾಗಿ, 2018ರಲ್ಲಿ ಕೇರಳದ ಅಂಗಡಿ ಕಾಯ್ದೆಗೆ ತಿದ್ದುಪಡಿ ತರಿಸಿತು. ಅಷ್ಟು ಕಷ್ಟಪಟ್ಟು ಪಡೆದ ಜಾಗದ ಬಗ್ಗೆ ಹೆದರಿಕೆ ಇರುವುದು ಸಹಜ. ಆದರೆ ನೀರು ಕುಡಿಯದ ಆ ಹೆಂಗಸರದ್ದೂ, ನೀರು ಕುಡಿಯದ ಈ ಕುಂಬಳೆಯವರದ್ದೂ ಒಂದೇ ಸಂಕಟ ಅಲ್ವಾ?

ನನ್ನ ಕಣ್ಣಿಗೆ ಕಾಣುವ ಉಪಾಯ ತುಂಬಾ ಸಾದಾ. ಹೆಂಗಸರದ್ದು ಹಾಗೇ ಇರಲಿ, ಗಂಡಸರದ್ದು ಹಾಗೇ ಇರಲಿ. ಪಕ್ಕದಲ್ಲಿ ನೆಲದಿಂದ ಮಾಡಿನ ತನಕ ಗೋಡೆ, ಒಳಗಿನಿಂದ ಗಟ್ಟಿ ಚಿಲಕ, ನೀರು, ಒಂದು ಬಕೆಟ್ ಇರುವ ಒಂಟಿ ಕೋಣೆಗಳು ಎರಡು. ಬಾಗಿಲ ಮೇಲೆ "ಟಾಯ್ಲೆಟ್" ಎಂದಷ್ಟೇ ಬರೆದಿರಲಿ. ಮುದುಕ ಅಪ್ಪನನ್ನು ಕೈಹಿಡಿದು ಕರೆದುಕೊಂಡು ಹೋಗುವ ಮಗಳು, ಸಣ್ಣ ಹುಡುಗಿಯ ಜೊತೆ ಬಂದ ಅಪ್ಪ, ಎಲ್ಲರೂ ಅದಕ್ಕೇ ಹೋಗುತ್ತಾರೆ. ಇದೇನು ಹೊಸತಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ರೈಲಿನಲ್ಲಿ ಬೋಗಿಯ ತುದಿಯ ಟಾಯ್ಲೆಟ್ ಎಲ್ಲರಿಗೂ ಒಂದೇ, ಯಾರೂ ಯಾರನ್ನೂ ಪ್ರಶ್ನೆ ಮಾಡುವುದಿಲ್ಲ.

ಇನ್ನು ಅವರು ಕೇಳಿದ "ನಮಗೆ ಏನುಂಟು?" ಎಂಬ ಪ್ರಶ್ನೆ. ಎಲ್ಲರಿಗೂ ತೆರೆದ ಸಾರ್ವಜನಿಕ ಜಾಗಕ್ಕೆ ಟ್ರಾನ್ಸ್‌ಜೆಂಡರ್ ವ್ಯಕ್ತಿಯನ್ನು ಬಿಡದೆ ತಡೆದರೆ 2019ರ ಕಾಯ್ದೆಯ 18ನೇ ಕಲಂ ಪ್ರಕಾರ ಆರು ತಿಂಗಳಿಂದ ಎರಡು ವರ್ಷದ ತನಕ ಜೈಲು. ಬಸ್‌ಸ್ಟ್ಯಾಂಡಿನ ಶೌಚಾಲಯವೂ ಸಾರ್ವಜನಿಕ ಜಾಗವೇ. ಕೆಲಸದ ಜಾಗಗಳಲ್ಲಿ ಈ ಕಾಯ್ದೆ ಹೇಗೆ ಜಾರಿಯಾಗಬೇಕು ಎಂದು ನೋಡಲು 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ಸಮಿತಿಯನ್ನೂ ಮಾಡಿದೆ. ಹಾಗೆಂದು ಊರಿನ ಟಾಯ್ಲೆಟ್ಟಿನ ಗೋಡೆ ಕಟ್ಟುವುದು ದೆಹಲಿಯವರಲ್ಲ, ತಿರುವನಂತಪುರದವರೂ ಅಲ್ಲ. ಅದು ಪಂಚಾಯತು, ನಗರಸಭೆಯ ಕೆಲಸ.

ಇಲ್ಲಿ ನಮ್ಮವರಿಗೆ ಇನ್ನೊಂದು ಅಡ್ಡಿ ಭಾಷೆ. ಕನ್ನಡ ಪತ್ರಿಕೆಯಲ್ಲಿ "ಮಂಗಳಮುಖಿ", "ಲಿಂಗತ್ವ ಅಲ್ಪಸಂಖ್ಯಾತರು" ಎಂದು ಓದಿದವರಿಗೆ ಕಚೇರಿಯ ಮಲಯಾಳ ಫಾರಂ ನೋಡಿದರೆ ಕೈ ನಡುಗುತ್ತದೆ. ಇನ್ನೊಬ್ಬರ ಹತ್ತಿರ ಓದಿಸಬೇಕು, ಅಂದರೆ ತಮ್ಮ ಗುಟ್ಟನ್ನು ಅವರಿಗೂ ಹೇಳಬೇಕು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಪ್ರಕಾರ ಇಲ್ಲಿನ ಕನ್ನಡಿಗರು ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಅವರಿಗೆ ಇದು ಗೊತ್ತಿರಲಿಲ್ಲ.

ಕಳೆದ ವಾರ ಇಬ್ಬರೂ ಕೂತು ಒಂದು ಪುಟದ ಅರ್ಜಿ ಬರೆದೆವು. ಎರಡು ಒಂಟಿ ಕೋಣೆ, ಒಳಗಿನಿಂದ ಚಿಲಕ, ಹೊರಗೆ ಬೀಗ ಬೇಡ. ಬರೆದದ್ದು ನಾನು, ಕೊನೆಯ ಮಾತು ಸೇರಿಸಿದ್ದು ಅವರು: ಒಳಗೆ ಒಂದು ದೀಪ ಇರಲಿ.