ಕಡುಬನ್ನು ಜಪಿಸಬಹುದು, ಅದರ ಘಮವನ್ನಲ್ಲ

ಹೋದ ತಿಂಗಳು ಪಕ್ಕದ ಮನೆಯವರು ಮಗಳ ವಿಡಿಯೊ ತೋರಿಸಿದರು. ಏಳು ವರ್ಷದ ಹುಡುಗಿ, ಕಣ್ಣಿಗೆ ಕಪ್ಪು ಪಟ್ಟಿ. ಬಣ್ಣದ ಕಾರ್ಡನ್ನು ಮೂಗಿನ ಹತ್ತಿರ ಹಿಡಿದು, ಮೂಸಿ, "ಹಸಿರು" ಅನ್ನುತ್ತಾಳೆ. ಹಸಿರೇ. ಮಿಡ್‌ಬ್ರೇನ್ ಆಕ್ಟಿವೇಶನ್, ಅಂದರೆ ನಡುಮಿದುಳನ್ನು ಎಬ್ಬಿಸುವ ತರಬೇತಿಯಂತೆ, ಸಾವಿರಾರು ರೂಪಾಯಿ ಫೀಸಂತೆ, ಇನ್ನು ಮೇಲೆ ಓದಿದ್ದೆಲ್ಲ ನೆನಪಲ್ಲಿ ಉಳಿಯುತ್ತದಂತೆ. ನನಗೆ ಸಂಕಟವಾಯಿತು. ಬಣ್ಣಕ್ಕೆ ವಾಸನೆ ಇಲ್ಲ. ಪಟ್ಟಿಯನ್ನು ಎಷ್ಟು ಬಿಗಿಯಾಗಿ ಕಟ್ಟಿದರೂ ಮೂಗಿನ ಎರಡೂ ಬದಿ ಒಂದು ಕಿಂಡಿ ಉಳಿಯುತ್ತದೆ, ಮಗು ನೋಡುವುದು ಅಲ್ಲಿಂದ. ನೀವೇ ಕಟ್ಟಿಕೊಂಡು ಕೆಳಗೆ ನೋಡಿ, ಗೊತ್ತಾಗುತ್ತದೆ. ಅಮೆರಿಕದ ಬರಹಗಾರ ಮಾರ್ಟಿನ್ ಗಾರ್ಡ್ನರ್ 1966ರಲ್ಲೇ 'ಸೈನ್ಸ್' ಪತ್ರಿಕೆಯಲ್ಲಿ ಈ ಕಿಂಡಿಯ ಬಗ್ಗೆ ಬರೆದಿದ್ದರು. ಆಗ ರಷ್ಯದಲ್ಲಿ ಬೆರಳ ತುದಿಯಿಂದ ಬಣ್ಣ ಓದುವವರ ಸುದ್ದಿ ಜೋರಾಗಿತ್ತು. ನಮ್ಮ ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಕೂಡ ಈ ಮಿಡ್‌ಬ್ರೇನ್ ಮೋಸವನ್ನು ಬಯಲಿಗೆಳೆಯುತ್ತಾ ಬಂದಿದ್ದಾರೆ.

ನನಗೆ ಜಾಸ್ತಿ ಬೇಸರ ಇದಕ್ಕೆ: ಮೂಗಿಗೂ ನೆನಪಿಗೂ ನಿಜವಾದ ನಂಟು ಇದೆ, ಅದು ಈ ಸುಳ್ಳಿಗಿಂತ ಎಷ್ಟೋ ಚೆನ್ನಾಗಿದೆ.

ಮೂಗಿಗೆ ತಾಲೀಮು ಕೊಡುವುದು ಹೊಸದೇನಲ್ಲ. 2009ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು ವಾಸನೆ ಗೊತ್ತಾಗದ ರೋಗಿಗಳಿಗೆ ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕನ್ನು ದಿನಕ್ಕೆ ಎರಡು ಸಲ 12 ವಾರ ಮೂಸಿಸಿದರು. ಹಲವರ ಮೂಗು ಚುರುಕಾಯಿತು. ಕೋವಿಡ್ ಬಂದ ಮೇಲಂತೂ ಇದು ಎಲ್ಲ ಕಡೆ ಹಬ್ಬಿತು. ಅದು ಮೂಗಿನ ಮಾತು. ನನಗೆ ಕುತೂಹಲ ಇರುವುದು ಮೂಗಿನ ಹಿಂದೆ ಏನಾಗುತ್ತದೆ ಅನ್ನುವುದರಲ್ಲಿ.

ಚಿಕ್ಕವರಿದ್ದಾಗ ಅಜ್ಜಿ ಹೇಳುತ್ತಿದ್ದ ಕಡುಬಿನ ಕಥೆ ನೆನಪಿದೆಯಾ? ಅಳಿಯ ಅತ್ತೆ ಮನೆಯಲ್ಲಿ ಕಡುಬು ತಿಂದ. ಮನೆಗೆ ಹೋಗಿ ಹೆಂಡತಿ ಕೈಲಿ ಮಾಡಿಸಬೇಕು, ಹೆಸರು ಮರೆಯಬಾರದು ಅಂತ ದಾರಿಯುದ್ದಕ್ಕೂ "ಕಡುಬು, ಕಡುಬು" ಎಂದು ಜಪಿಸುತ್ತಾ ನಡೆದ. ನಡುವೆ ಹಳ್ಳ ಬಂತು, "ಹುಪ್ಪಾ" ಎಂದು ಹಾರಿದ. ಆಮೇಲೆ ಮನೆವರೆಗೂ "ಹುಪ್ಪಾ, ಹುಪ್ಪಾ". ವರ್ಕಿಂಗ್ ಮೆಮೊರಿ, ಅಂದರೆ ಬೇಕಾದಷ್ಟು ಹೊತ್ತು ಒಂದು ವಿಷಯವನ್ನು ಮನಸ್ಸಲ್ಲಿ ಹಿಡಿದಿಟ್ಟುಕೊಳ್ಳುವ ನೆನಪು, ಇದೇ. 1974ರಲ್ಲಿ ಬ್ಯಾಡ್ಲಿ ಮತ್ತು ಹಿಚ್ ಎಂಬ ಬ್ರಿಟಿಷ್ ಮನೋವಿಜ್ಞಾನಿಗಳು ಕೊಟ್ಟ ವಿವರಣೆಯಲ್ಲೂ ಇಂಥ ಒಂದು ಜಪ ಇದೆ: ಪದವನ್ನು ಒಳಗೊಳಗೇ ಸುತ್ತಿಸುತ್ತಾ ಇರುವುದು, ನಿಲ್ಲಿಸಿದರೆ ಜಾರಿತು. ಚಿಕ್ಕ ಮಕ್ಕಳಿಗೆ ಈ ಜಪ ಇನ್ನೂ ಸರಿಯಾಗಿ ಬರುವುದಿಲ್ಲ. ಅಮೆರಿಕದ ಜಾನ್ ಫ್ಲೇವೆಲ್ ಮತ್ತು ಸಂಗಡಿಗರು 1966ರಲ್ಲಿ ಮಕ್ಕಳಿಗೆ ಚಿತ್ರಗಳನ್ನು ನೆನಪಿಡಲು ಹೇಳಿ ಅವರ ತುಟಿಗಳನ್ನೇ ನೋಡುತ್ತಾ ಕೂತರು. ಹತ್ತು ವರ್ಷದವರ ತುಟಿ ಅಲ್ಲಾಡುತ್ತಿತ್ತು, ಐದರವರದು ಅಪರೂಪಕ್ಕೆ.

ಈಗ ಕಡುಬು ಬಿಡಿ, ಅದರ ಘಮವನ್ನು ಜಪಿಸಿ ನೋಡೋಣ. ಆಗುವುದಿಲ್ಲ. ವಾಸನೆ ಅಂದರೆ ಒಲೆ ಮೇಲಿನ ಬಿಸಿ ಪಾತ್ರೆ, ಹಿಡಿ ಇಲ್ಲ. ಹೆಸರೆಂಬ ಇಕ್ಕಳ ಸಿಕ್ಕರೆ ಎತ್ತಬಹುದು, ಇಲ್ಲದಿದ್ದರೆ ಬಟ್ಟೆಯನ್ನೋ ಸೆರಗನ್ನೋ ಹುಡುಕಬೇಕು. ಅಥವಾ ಹೀಗೆ ನೋಡಿ: ಕಣ್ಣು ಕಂಡದ್ದು, ಕಿವಿ ಕೇಳಿದ್ದು ಹೆಬ್ಬಾಗಿಲಿನಿಂದ, ಅಂದರೆ ಮಿದುಳಿನ ನಡುವಿನ ಥಲಾಮಸ್ ಎಂಬ ಭಾಗವನ್ನು ದಾಟಿ ಮಿದುಳಿನ ಹೊರಪದರಕ್ಕೆ ಹೋಗುತ್ತದೆ. ವಾಸನೆ ಹಿತ್ತಿಲ ಬಾಗಿಲಿನಿಂದ ನೇರ ಅಡುಗೆಮನೆಗೇ ನುಗ್ಗುತ್ತದೆ. ಭಾವನೆ ಮತ್ತು ನೆನಪಿನ ಕೋಣೆಗಳು ಅಲ್ಲೇ ಪಕ್ಕದಲ್ಲಿ. ಅದಕ್ಕೇ ಒಂದು ಹಳೇ ಟ್ರಂಕು ತೆರೆದರೆ ಅಜ್ಜಿ ಮನೆ ಇಡೀ ಎದುರಿಗೆ ಬರುತ್ತದೆ, ಆದರೆ "ಏನು ವಾಸನೆ ಇದು?" ಅಂದರೆ ಬಾಯಿ ಕಟ್ಟುತ್ತದೆ. ಎಲ್ಲ ಕಡೆ ಹೀಗೇ ಅಲ್ಲ. ಮಲೇಷ್ಯಾದ ಕಾಡಿನ ಜಹಾಯ್ ಜನ ಬಣ್ಣ ಹೇಳುವಷ್ಟೇ ಸಲೀಸಾಗಿ ವಾಸನೆಗೆ ಹೆಸರು ಹೇಳುತ್ತಾರೆ. ನಮ್ಮಲ್ಲೂ ಘಾಟು, ಕಮಟು, ಮುಗ್ಗಲು, ಸೊಗಡು ಇವೆ, ಮಕ್ಕಳ ಬಾಯಲ್ಲಿ ಮಾತ್ರ ಕಮ್ಮಿಯಾಗುತ್ತಿವೆ.

ಅಕ್ಕನ ಮಗಳಿಗೆ ಐದೂವರೆ. ಅವಳ ಜೊತೆ ಹನ್ನೆರಡು ಡಬ್ಬಿಯ ಆಟ ಶುರು ಮಾಡಿದೆ. ಲವಂಗ, ಏಲಕ್ಕಿ, ಇಂಗು, ಕಾಫಿಪುಡಿ, ಓಮ, ಜೀರಿಗೆ, ಒಂದೊಂದೂ ಎರಡೆರಡು ಡಬ್ಬಿಯಲ್ಲಿ. ಒಳಗೆ ಕಾಣದ ಹಾಗೆ ಬಾಯಿಗೆ ತೆಳು ಬಟ್ಟೆ. ಒಂದನ್ನು ಮೂಸಿ ಕೆಳಗಿಟ್ಟು ಅದರ ಜೋಡಿ ಹುಡುಕಬೇಕು. ಲವಂಗ ಮೂಸಿದ ಕೂಡಲೇ "ಚಿಕ್ಕಿ, ಇದು ಹಲ್ಲುನೋವು!" ಅಂದಳು. ಅವಳ ಅಜ್ಜಿ ಹಲ್ಲಿಗೆ ಲವಂಗ ಒತ್ತಿಕೊಳ್ಳುತ್ತಾರೆ. ಓಮಕ್ಕೆ "ಪಾಪು ಹೊಟ್ಟೆ" ಅಂದಳು, ತಮ್ಮನಿಗೆ ಓಮದ ನೀರು ಕುಡಿಸುವುದನ್ನು ನೋಡಿದ್ದಾಳೆ. ಈ ಎರಡರಲ್ಲಿ ಒಮ್ಮೆಯೂ ತಪ್ಪಲಿಲ್ಲ. ಜೀರಿಗೆಗೆ ಮಾತ್ರ ಹೆಸರು ಸಿಗಲಿಲ್ಲ, ಬರೀ "ಅದು". ಎರಡು ದಿನ ಜೀರಿಗೆ ಹಿಡಿದು ಏಲಕ್ಕಿಗೂ ಇಂಗಿಗೂ ಹೋದಳು. ನಾನು ಹೇಳಿಕೊಡಲಿಲ್ಲ. ಚಿತ್ರದ ಕಾರ್ಡಿನಲ್ಲಿ ಆನೆ ಕಂಡರೆ "ಆನೆ" ಎಂಬ ಪದ ಪುಕ್ಕಟೆ ಬರುತ್ತದೆ. ಇಲ್ಲಿ ಮಗು ವಾಸನೆಯನ್ನು ಬರಿಗೈಲಿ ಹಿಡಿದುಕೊಳ್ಳಬೇಕು, ಇಲ್ಲವೇ ಇಕ್ಕಳವನ್ನು ತಾನೇ ಮಾಡಿಕೊಳ್ಳಬೇಕು. ನಾವು ಹೆಸರು ಹೇಳಿಬಿಟ್ಟರೆ ಆ ಕೆಲಸವನ್ನೇ ಕಿತ್ತುಕೊಂಡಂತೆ.

ಇದರಿಂದ ಲೆಕ್ಕದಲ್ಲಿ ನೂರಕ್ಕೆ ನೂರು ಬರುತ್ತದಾ? ಹಾಗೆ ಯಾರಾದರೂ ಹೇಳಿದರೆ ನಂಬಬೇಡಿ. 2020ರಲ್ಲಿ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಯೋನಸ್ ಊಲೋಫ್ಸೊನ್ ತಂಡ ಇಂಥದೇ ಜೋಡಿ ಆಟವನ್ನು ಕೆಲವರಿಗೆ ವಾಸನೆಯಲ್ಲಿ, ಕೆಲವರಿಗೆ ಚಿತ್ರದಲ್ಲಿ ಆಡಿಸಿತು. ವಾಸನೆಯಲ್ಲಿ ಪಳಗಿದವರು ಚಿತ್ರದ ಆಟದಲ್ಲೂ ಮುಂದೆ ಬಂದರು, ಚಿತ್ರದಲ್ಲಿ ಪಳಗಿದವರಿಗೆ ವಾಸನೆಯ ಆಟ ಒಲಿಯಲಿಲ್ಲ. ಇದು ನನಗೆ ತುಂಬಾ ಖುಷಿ ಕೊಟ್ಟ ಫಲಿತಾಂಶ. ಆದರೆ ಆಡಿದವರು ದೊಡ್ಡವರು. ಒಂದು ಆಟದಿಂದ ಅದನ್ನೇ ಹೋಲುವ ಇನ್ನೊಂದು ಆಟಕ್ಕೆ ದಾಟುವುದು ಬೇರೆ, ಶಾಲೆಯ ಪಾಠಕ್ಕೆ ದಾಟುವುದು ಬೇರೆ. ವರ್ಕಿಂಗ್ ಮೆಮೊರಿ ತಾಲೀಮಿನ ಹಲವು ಅಧ್ಯಯನಗಳನ್ನು 2013ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ ಓದು, ಲೆಕ್ಕಕ್ಕೆ ಅದರ ಲಾಭ ತಲುಪಿದ್ದು ಕಾಣಲಿಲ್ಲ.

ಇನ್ನೊಂದು ಮಾತು. ಮನೆಯಲ್ಲಿ ಆಡಿಸುವುದಾದರೆ ಒಗ್ಗರಣೆ ಡಬ್ಬಿಯ ಸಾಮಾನು ಸಾಕು. ಕರ್ಪೂರ, ನೀಲಗಿರಿ ಎಣ್ಣೆ ಖಂಡಿತ ಬೇಡ. ಮಗು ಸ್ವಲ್ಪ ನುಂಗಿದರೂ ಫಿಟ್ಸ್ ಬರಬಹುದು.

ಮೂರನೇ ದಿನ ಅವಳು ಜೀರಿಗೆ ಡಬ್ಬಿಯನ್ನು ಮೂಗಿಗೆ ಹಿಡಿದು ತುಂಬಾ ಹೊತ್ತು ಸುಮ್ನೆ ನಿಂತಳು. ಆಮೇಲೆ, "ಇದು ಅಮ್ಮ ಆಫೀಸಿಂದ ಬಂದ ಮೇಲೆ ಬರೋ ವಾಸನೆ" ಅಂದಳು. ಅಕ್ಕ ಸಂಜೆ ಬಂದ ಕೂಡಲೇ ಸಾರಿಗೆ ಒಗ್ಗರಣೆ ಹಾಕುತ್ತಾಳೆ. ಡಬ್ಬಿ ಕೆಳಗಿಟ್ಟು ಸಾಲಿನ ಆ ತುದಿಗೆ ನಡೆದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು.