ಕಪ್ಪು ಪರದೆ ಕೇಳುವ ಪ್ರಶ್ನೆ

ಕಂಪ್ಯೂಟರ್‌ನಲ್ಲಿ ಟರ್ಮಿನಲ್, ಅಂದರೆ ಬರೀ ಅಕ್ಷರಗಳಲ್ಲಿ ಆಜ್ಞೆ ಕೊಡುವ ಕಿಟಕಿ, ತೆರೆದು ಒಂದು ಕಮಾಂಡ್ ಕೊಟ್ಟರೆ ಒಂದೇ ಸಾಲು ಬರುತ್ತದೆ: ‘ಟಂಗ್‌ಸ್ಟನ್‌ನ ಸಂಕೇತ ಯಾವುದು?’ ಚಿತ್ರ ಇಲ್ಲ, ಆರಿಸಿಕೊಳ್ಳಲು ನಾಲ್ಕು ಉತ್ತರಗಳೂ ಇಲ್ಲ. ಕರ್ಸರ್ ಸುಮ್ನೆ ಮಿನುಗುತ್ತಿರುತ್ತದೆ. ನೀವು ತಲೆ ಕೆರೆದುಕೊಂಡು, ಕೊನೆಗೆ ಒಂದು ಕೀ ಒತ್ತುತ್ತೀರಿ. ಉತ್ತರ ಕಾಣುತ್ತದೆ: ‘ಡಬ್ಲ್ಯೂ’. ಎಷ್ಟು ಸರಿ ಹೇಳಿದಿರಿ ಅಂತ ನೀವೇ ಅಂಕ ಕೊಟ್ಟುಕೊಳ್ಳಬೇಕು. ಫ್ಲ್ಯಾಶ್‌ಕಾರ್ಡ್ ಪ್ರೋಗ್ರಾಂ ಅಂದರೆ ಇಷ್ಟೇ.

ಕಲಿಕೆ ನಡೆಯುವುದು ಆ ತಲೆ ಕೆರೆದುಕೊಳ್ಳುವ ಹೊತ್ತಿನಲ್ಲೇ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಒಂದು ಪಾಠವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಉಳಿದ ಮೂರು ಸರದಿ ಪಾಠ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದಿದ್ದರು. ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತ್ತು: ಓದಿದವರು ಶೇ 40, ಬರೆದವರು ಶೇ 61. ಓದುವಾಗ ‘ಗೊತ್ತು, ಗೊತ್ತು’ ಅನ್ನಿಸುತ್ತದೆ ಅಲ್ವಾ, ಅದನ್ನು ಜಾಸ್ತಿ ನಂಬಬಾರದು.

ಮತ್ತೆ ಯಾವಾಗ ಕೇಳಬೇಕು ಅನ್ನುವುದು ಪ್ರೋಗ್ರಾಂನ ಕೆಲಸ. ಇದರ ಬೇರು ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿದೆ. ಆತ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಮರೆತ ಮೇಲೆ ಮತ್ತೆ ಕಲಿಯುವಾಗ ಮೊದಲಿಗಿಂತ ಎಷ್ಟು ಶ್ರಮ ಉಳಿತಾಯವಾಗುತ್ತದೆ ಎಂದು ಅಳೆದ. ಒಂದು ದಿನಕ್ಕೇ ಉಳಿತಾಯ ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಆದರೆ ತಿಂಗಳಾದರೂ ಐದನೇ ಒಂದು ಭಾಗ ಉಳಿದಿತ್ತು. ಅಂದರೆ ಮರೆವು ಮೊದಲು ಓಡುತ್ತದೆ, ಆಮೇಲೆ ತೆವಳುತ್ತದೆ.

ಪೋಲೆಂಡ್‌ನ ಪ್ಯೋತ್ರ್ ವೊಜ್ನಿಯಾಕ್ 1987ರಲ್ಲಿ ಇದಕ್ಕೊಂದು ಲೆಕ್ಕ ಕಟ್ಟಿದರು. ಹೆಸರು ಎಸ್‌ಎಂ-2. ಕಾರ್ಡ್ ಮೊದಲು 1 ದಿನ ಬಿಟ್ಟು ಬರುತ್ತದೆ, ಆಮೇಲೆ 6 ದಿನ. ಅಲ್ಲಿಂದ ಪ್ರತಿ ಸಲ ಅಂತರವನ್ನು ಒಂದು ಸಂಖ್ಯೆಯಿಂದ ಗುಣಿಸಬೇಕು. ಆ ಸಂಖ್ಯೆ ಶುರುವಿನಲ್ಲಿ 2.5. ಹಾಗಾಗಿ 15 ದಿನ, 38 ದಿನ, ನಂತರ ಮೂರು ತಿಂಗಳು. 0ರಿಂದ 5ರವರೆಗಿನ ಅಂಕದಲ್ಲಿ 3ಕ್ಕಿಂತ ಕಡಿಮೆ ಬಂದರೆ ಮತ್ತೆ 1 ದಿನದಿಂದ ಶುರು. ಹತ್ತಾರು ಸಾಲಿನ ಕೋಡ್ ಸಾಕು. ಇದಕ್ಕೆ ಮಿಂಚುವ ಪರದೆ ಯಾಕೆ ಬೇಕು?

ಕಾರ್ಡ್‌ಗಳನ್ನು ಸಾದಾ ಪಠ್ಯದ ಫೈಲ್‌ನಲ್ಲಿ ಇಡಬಹುದು: ಪ್ರಶ್ನೆ, ಒಂದು ಟ್ಯಾಬ್, ಉತ್ತರ. ಯಾವ ಎಡಿಟರ್‌ನಲ್ಲಾದರೂ ತಿದ್ದಬಹುದು, ಗ್ರೆಪ್ ಎಂಬ ಕಮಾಂಡ್‌ನಿಂದ ಹುಡುಕಬಹುದು, ಗಿಟ್ ಎಂಬ ಸಾಧನದಲ್ಲಿ ಹಳೆಯ ಪ್ರತಿಗಳನ್ನು ಕಾಪಾಡಬಹುದು. ಕನ್ನಡದ ಕಾರ್ಡ್‌ಗಳಿಗೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಟರ್ಮಿನಲ್ ಪರದೆಯನ್ನು ಸಮ ಅಗಲದ ಚೌಕಗಳಾಗಿ ಕತ್ತರಿಸಿಕೊಂಡಿರುತ್ತದೆ. ನಮ್ಮ ಒತ್ತಕ್ಷರಗಳು ಆ ಚೌಕಗಳ ಮಾತು ಕೇಳುವುದಿಲ್ಲ.

ಪ್ರೋಗ್ರಾಂ ಎಷ್ಟೇ ಚೆನ್ನಾಗಿದ್ದರೂ ಅಂಕ ಕೊಡುವವರು ನಾವೇ ಅಲ್ವಾ. ಉತ್ತರ ಕಂಡ ಮೇಲೆ ‘ಅಯ್ಯೋ, ಇದು ಗೊತ್ತಿತ್ತು’ ಅಂತ 4 ಒತ್ತುವ ಚಟ ನನಗೂ ಇದೆ. ಪ್ರೋಗ್ರಾಂ ನಂಬುತ್ತದೆ. ಹದಿನೈದು ದಿನ ಬಿಟ್ಟು ಟಂಗ್‌ಸ್ಟನ್ ಮತ್ತೆ ಬರುತ್ತದೆ, ನಾನು ಮತ್ತೆ ‘ಟಿ’ ಅನ್ನುತ್ತೇನೆ.